ಬೆನ್ನಟ್ಟೋ ಗುಂಡು ನಿಜವಾಗ್ಲೂ ಮೋಸ ಮಾಡತ್ತಾ?

ಪ್ರಶ್ನೆ: ಸರ್, ನನ್ನ ತಂಗಿ ಮಗ ಸೂಪರ್ ಮಾರಿಯೋ ಮೇಕರ್ 2 ಆಡ್ತಾನೆ. ಅದರಲ್ಲಿ ಕೆಂಪು ಫಿರಂಗಿಯಿಂದ ಬರೋ ಗುಂಡು ಮಾರಿಯೋ ಎಲ್ಲಿ ಹೋದ್ರೂ ಹಿಂದೇನೇ ಬರತ್ತೆ, ಗೋಡೆ ಅಡ್ಡ ಇದ್ರೂ ತೂರ್ಕೊಂಡು ಬರತ್ತೆ. ನಾವು ಯಾವ ಬಟನ್ ಒತ್ತುತೀವಿ ಅಂತ ಗೇಮ್‌ಗೆ ಮೊದಲೇ ಗೊತ್ತಾಗತ್ತೆ, ಇದು ಚೀಟಿಂಗ್ ಅಂತಾನೆ. ಹೌದಾ?
– ಓದುಗರು, ಶಿವಮೊಗ್ಗ

ಉತ್ತರ: ಪಾಪ, ಆ ಗುಂಡಿಗೆ ಅಷ್ಟೆಲ್ಲ ಬುದ್ಧಿ ಇಲ್ಲ. 1985ರ ಮೊದಲ ಸೂಪರ್ ಮಾರಿಯೋ ಬ್ರೋಸ್‌ನಲ್ಲಿ ಬುಲೆಟ್ ಬಿಲ್ ಅನ್ನೋ ಗುಂಡು ಸುಮ್ನೆ ನೇರ ಹೋಗ್ತಿತ್ತು, 1988ರ ಮೂರನೇ ಆಟದಲ್ಲಿ ನಮ್ಮನ್ನ ದಾಟಿ ಹೋದಮೇಲೆ ವಾಪಸ್ ತಿರುಗಿ ಬರೋದೂ ಒಂದು ಬಂತು, ಆಮೇಲಿನ ಆಟಗಳಲ್ಲಿ ಈ ಬುಲ್ಸ್‌ಐ ಬಿಲ್, ಅಂದ್ರೆ ನೀವು ಕೇಳಿದ ಕೆಂಪು ಫಿರಂಗಿ ಗುಂಡು. ಇದರ ನಡೆ ನೋಡಿದ್ರೆ ಗೊತ್ತಾಗತ್ತೆ, ಮಾರಿಯೋ ಈಗ ಎಲ್ಲಿದಾನೋ ಆ ಕಡೆ ಮೂತಿ ತಿರುಗಿಸತ್ತೆ, ಅಷ್ಟೇ, ಮುಂದೆ ಎಲ್ಲಿಗೆ ಹೋಗ್ತಾನೆ ಅನ್ನೋ ಲೆಕ್ಕ ಹಾಕಲ್ಲ. ಸೈಡ್‌ವಿಂಡರ್ ಥರದ ನಿಜವಾದ ಕ್ಷಿಪಣಿ ವಿಮಾನ ಹೋಗಿ ಮುಟ್ಟೋ ಜಾಗಕ್ಕೇ ಗುರಿ ಹಿಡಿಯತ್ತೆ. ಆಟದಲ್ಲಿ ಅದನ್ನೇ ಹಾಕಿದ್ರೆ ಯಾರೂ ಒಂದು ಲೆವೆಲ್ ಮುಗಿಸಲ್ಲ ಬಿಡಿ.

ಇನ್ನೊಂದು, ಅದು ಬೇಗ ತಿರುಗಲ್ಲ, ಫುಲ್ ಲೋಡ್ ಲಾರಿ ಯೂ-ಟರ್ನ್ ಹೊಡೆದ ಹಾಗೆ ದೊಡ್ಡ ಸುತ್ತು ಬೇಕು ಅದಕ್ಕೆ. ಹಾಗಾಗಿ ನೇರ ಓಡೋದು ದಂಡ. ಹತ್ತಿರ ಬರೋವರೆಗೂ ಬಿಡಬೇಕು, ಇನ್ನೇನು ತಗುಲ್ತು ಅನ್ನುವಾಗ ಅದರ ಮೇಲಿಂದ ಹಾರಿ, ಅದು ಬಂದ ದಿಕ್ಕಿಗೇ ಹೋಗಬೇಕು, ಅದು ಸ್ಪೀಡಲ್ಲಿ ಮುಂದೆ ಹೋಗಿ ತಿರುಗೋಷ್ಟರಲ್ಲಿ ನಿಮ್ಮ ಹುಡುಗನಿಗೆ ಎರಡು ಮೂರು ಜಂಪ್‌ಗೆ ಟೈಮ್ ಸಿಗತ್ತೆ. ತಲೆ ಮೇಲೆ ತುಳಿದ್ರೆ ಬಿದ್ದೇ ಹೋಗತ್ತೆ, ಇದು ಎಷ್ಟೋ ಮಕ್ಕಳಿಗೆ ಹೊಳೆಯೋದೇ ಇಲ್ಲ. ಫಿರಂಗಿಗೆ ಒತ್ಕೊಂಡು ನಿಂತ್ರೆ ಅದು ಹೊಡೆಯೋದೂ ಇಲ್ಲ. ಇನ್ನು ಇಕ್ಕಟ್ಟು ದಾರೀಲಿ ನಾಲ್ಕು ಕೆಂಪು ಫಿರಂಗಿ ಇಟ್ಟಿರ್ತಾರಲ್ಲ, ಅಂಥ ಲೆವೆಲ್ ಸಿಕ್ಕಿದ್ರೆ ಬೈಬೇಕಾದ್ದು ಗುಂಡನ್ನಲ್ಲ, ಲೆವೆಲ್ ಮಾಡಿದ ಮಹಾನುಭಾವನ್ನ (ಈ ಆಟದಲ್ಲಿ ಆಟಗಾರರೇ ಲೆವೆಲ್ ಮಾಡಬಹುದಲ್ಲ).

ಪ್ರಶ್ನೆ: ಮಗಳು ಸ್ಕ್ರ್ಯಾಚ್‌ನಲ್ಲಿ (ಬ್ಲಾಕ್ ಜೋಡಿಸಿ ಕೋಡ್ ಮಾಡೋ ಮಕ್ಕಳ ಪ್ರೋಗ್ರಾಂ) ಇಂಥದ್ದೇ ಗೇಮ್ ಮಾಡ್ತಿದಾಳೆ. ಅವಳ ಮಿಸೈಲ್ ತಪ್ಪೋದೇ ಇಲ್ಲ, ಏನ್ ಮಾಡಿದ್ರೂ ಬಂದು ಹೊಡೆಯತ್ತೆ. ಸ್ಪೀಡ್ ಕಮ್ಮಿ ಮಾಡಿದ್ರೆ ಬೋರ್ ಅಂತಾಳೆ.
– ಓದುಗರು, ಹುಬ್ಬಳ್ಳಿ

ಉತ್ತರ: 'ಪಾಯಿಂಟ್ ಟುವರ್ಡ್ಸ್' (ಆಟಗಾರನ ಕಡೆ ತಿರುಗು) ಬ್ಲಾಕ್ ಹಾಕಿ ಕೆಳಗೆ 'ಮೂವ್ 5 ಸ್ಟೆಪ್ಸ್' (5 ಹೆಜ್ಜೆ ಮುಂದೆ ಹೋಗು) ಹಾಕಿರ್ತಾಳೆ, ಎಲ್ಲರೂ ಮೊದಲು ಹಾಗೇ ಮಾಡೋದು. ಅದರಲ್ಲಿ ಮಿಸೈಲ್ ಪ್ರತಿ ಸಲ ಪೂರ್ತಿ ತಿರುಗಿಬಿಡತ್ತೆ, ತಪ್ಪಿಸ್ಕೊಳ್ಳೋಕೆ ಜಾಗವೇ ಇರಲ್ಲ. ಸ್ಪೀಡ್ ಹಾಗೇ ಇರಲಿ, ತಿರುಗೋದಕ್ಕೆ ಮಿತಿ ಹಾಕಿ. ಒಂದು ಸುತ್ತಿಗೆ (ಅಂದ್ರೆ ಕೋಡ್ ಒಂದು ಸಲ ಓಡಿದ್ರೆ) 3 ಡಿಗ್ರಿ ಅಂತ ಇಟ್ರೆ ಪೂರ್ತಿ ವೃತ್ತಕ್ಕೆ 120 ಸುತ್ತು, ಸುತ್ತಿಗೆ 5 ಸ್ಟೆಪ್ ಅಂದ್ರೆ 600 ಸ್ಟೆಪ್, ಆ ವೃತ್ತದ ಅಗಲ ಸುಮಾರು 190. ಸ್ಕ್ರ್ಯಾಚ್ ಸ್ಟೇಜ್ (ಆಟ ಕಾಣೋ ಜಾಗ) ಅಗಲವೇ 480, ಸೋ ಆಟಗಾರನಿಗೆ ನುಸುಳೋಕೆ ಬೇಕಾದಷ್ಟು ಜಾಗ. 6 ಡಿಗ್ರಿ ಮಾಡಿದ್ರೆ ಆ ಅಗಲ ಅರ್ಧಕ್ಕೆ ಇಳಿಯತ್ತೆ, ಆಟ ಕಷ್ಟ ಆಗತ್ತೆ. ಈ ಒಂದು ನಂಬರ್ ಹಿಡ್ಕೊಂಡೇ ಈಸಿ, ಹಾರ್ಡ್ ಎರಡೂ ಮಾಡಬಹುದು.

ಕೋಡ್‌ಗೆ ಬಂದ್ರೆ, ಮಿಸೈಲಿನ ಹಳೇ ಡೈರೆಕ್ಷನ್ ಒಂದು ವೇರಿಯಬಲ್‌ಗೆ ಹಾಕ್ಕೊಂಡು, ಆಟಗಾರನ ಕಡೆ ಪಾಯಿಂಟ್ ಮಾಡಿ ಸಿಕ್ಕ ಹೊಸ ಡೈರೆಕ್ಷನ್ ಇನ್ನೊಂದಕ್ಕೆ ಹಾಕಿ, ಮತ್ತೆ ಹಳೇದಕ್ಕೇ ತಿರುಗಿಸಿ, ಹೊಸದರಲ್ಲಿ ಹಳೇದನ್ನ ಕಳೀಬೇಕು. ಬಂದಿದ್ದು ಪ್ಲಸ್ ಆದ್ರೆ ಬಲಕ್ಕೆ 3, ಮೈನಸ್ ಆದ್ರೆ ಎಡಕ್ಕೆ 3. ಇಲ್ಲಿ ಎಲ್ಲರೂ ಒಂದು ಕಡೆ ಎಡವ್ತಾರೆ: ಹಳೇದು 170, ಹೊಸದು ಮೈನಸ್ 170 ಇದ್ರೆ ಉತ್ತರ ಮೈನಸ್ 340 ಬರತ್ತೆ, ನಿಜವಾಗಿ ತಿರುಗಬೇಕಾಗಿದ್ದು ಬಲಕ್ಕೆ 20 ಡಿಗ್ರಿ ಅಷ್ಟೇ, ಆದ್ರೆ ಮಿಸೈಲ್ ಎಡಗಡೆಯಿಂದ ಊರೆಲ್ಲ ಸುತ್ಕೊಂಡು ಬರೋಕೆ ಹೊರಡತ್ತೆ. ಮೈನಸ್ 180ಕ್ಕಿಂತ ಕಮ್ಮಿ ಬಂದ್ರೆ 360 ಕೂಡಿಸಿ, 180 ದಾಟಿದ್ರೆ 360 ಕಳೀರಿ.

ಆಟಗಾರ ಆ ವೃತ್ತದ ನಡುವೆ ನಿಂತ್ಬಿಟ್ರೆ ಮಿಸೈಲ್ ಸುತ್ತಾನೇ ಇರತ್ತೆ, ಹೊಡೆಯೋದೇ ಇಲ್ಲ. ಅದಕ್ಕೆ 5 ಸೆಕೆಂಡ್ ಆದ್ಮೇಲೆ ತಾನೇ ಸಿಡಿಯೋ ಹಾಗೆ ಟೈಮರ್ ಹಾಕಿಸಿ.