ಇನಿಷಿಯಲ್ ಹಿಡಿದು ಹೊರಟರೆ ಮನೆತನದ ಮೂಲ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ಮುತ್ತಜ್ಜನ ಕಾಲದಿಂದ ದಾವಣಗೆರೆಯಲ್ಲೇ ಇದ್ದೀರಿ, ಹೆಸರಿನ ಮುಂದೆ ‘ಕೆ.’ ಅಂತ ಒಂದೇ ಅಕ್ಷರ, ಅದು ಊರೋ ಅಡ್ಡಹೆಸರೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನೇ ಹಿಡಿದು ಮೂಲ ಹುಡುಕಬಹುದಾ, ಇಲ್ಲಾ ಡಿಎನ್‌ಎ ಟೆಸ್ಟ್ ಮಾಡಿಸಬೇಕಾ?

ಟೆಸ್ಟಿಗೆ ದುಡ್ಡು ಹಾಕಬೇಡಿ, ಅದು ಊರು ಕೇರಿ ಹೇಳುವುದಿಲ್ಲ. ಇನಿಷಿಯಲ್ಲಿನಿಂದಲೂ ಶುರು ಮಾಡಬೇಡಿ. ನಾನು ಹಾಗೆ ಮಾಡಿ ಎರಡು ವರ್ಷ ತಪ್ಪು ಊರಲ್ಲಿ ಹುಡುಕಿದೆ.

ನಮ್ಮದು ‘ಎ.’. ಅಣಜಿಯಲ್ಲಿ ಹೊಲ ಇದೆ, ಅಪ್ಪ ಹುಟ್ಟಿದ್ದೂ ಅಲ್ಲೇ. ಹಾಗಾಗಿ ‘ಎ’ ಅಂದರೆ ಅಣಜಿ ಅಂತ ಎಲ್ಲರೂ ನಂಬಿದ್ದೆವು. ನಮ್ಮ ಕಡೆ ಊರ ಹೆಸರೇ ಮುಂದೆ ಬರೋದು ಅಲ್ವಾ? ಆದರೆ ಆ ಊರು ಹುಟ್ಟಿದ ಊರೇ ಆಗಬೇಕಿಲ್ಲ. ಎಸ್. ನಿಜಲಿಂಗಪ್ಪನವರ ‘ಎಸ್’ ಚಿತ್ರದುರ್ಗದ ಹತ್ತಿರದ ಸಿದ್ದವನಹಳ್ಳಿ. ಅವರು 1902ರಲ್ಲಿ ಹುಟ್ಟಿದ್ದು ಹರಪನಹಳ್ಳಿ ಕಡೆಯ ಹಲುವಾಗಲಿನಲ್ಲಿ.

ದಾವಣಗೆರೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಎರಡು ಪದ್ಧತಿ ಕಲಸಿಹೋಗಿವೆ. ಚಿತ್ರದುರ್ಗ, ಹಿರಿಯೂರು ಕಡೆ ಊರು, ಅಪ್ಪನ ಹೆಸರು ಇನಿಷಿಯಲ್ ಆಗುತ್ತವೆ. ಹರಿಹರದ ಹತ್ತಿರ ಹೊಳೆ ದಾಟಿ ರಾಣೆಬೆನ್ನೂರು ಕಡೆ ಹೋದರೆ ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಕುಲಕರ್ಣಿ ಅಂತ ಅಡ್ಡಹೆಸರುಗಳು. ಆ ಕಡೆಯವರು ವ್ಯಾಪಾರಕ್ಕೋ ಹತ್ತಿ ಮಿಲ್ಲಿನ ಕೆಲಸಕ್ಕೋ ಈ ಕಡೆ ಬಂದು ಮಕ್ಕಳನ್ನು ಸ್ಕೂಲಿಗೆ ಸೇರಿಸಿದರೆ, ಮೇಷ್ಟ್ರು ಅಡ್ಡಹೆಸರನ್ನೇ ಒಂದಕ್ಷರ ಮಾಡಿ ಮುಂದಕ್ಕೆ ತಂದು ಕೂರಿಸುತ್ತಿದ್ದರು. ನಮ್ಮಪ್ಪನಿಗೂ ಆಗಿದ್ದು ಅದೇ, ಆದರೆ ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲ ಸುಳಿವು ಕಣ್ಣೆದುರೇ ಇತ್ತು. ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ. ಮಕ್ಕಳ ಜವಳ ತೆಗೆಸಲು ನಾವು ಹೊಳೆ ದಾಟಿ ರಾಣೆಬೆನ್ನೂರು ತಾಲ್ಲೂಕಿಗೆ ಹೋಗುತ್ತೇವೆ. ತಲೆಮಾರಿಗೊಬ್ಬ ಮಾಳಪ್ಪನೋ ಮಾಲತೇಶನೋ ಇದ್ದೇ ಇದ್ದಾನೆ. ಅಣಜಿಯವರಿಗೆ ಅಷ್ಟು ದೂರದ ದೇವರು ಯಾಕೆ ಅಂತ ಯಾರೂ ಕೇಳಿರಲಿಲ್ಲ. ಜನ ಊರು ಬಿಟ್ಟರೂ ಮನೆದೇವರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಮನೆಯ ಹಳೇ ಹೆಸರುಗಳನ್ನು ಒಮ್ಮೆ ನೋಡಿ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಜಾಸ್ತಿ ಇದ್ದರೆ ನಾಯಕನಹಟ್ಟಿ ಕಡೆ, ಕೊಟ್ರಪ್ಪ, ಕೊಟ್ರೇಶ ಇದ್ದರೆ ಕೊಟ್ಟೂರು ಕಡೆ, ಕರಿಬಸಪ್ಪ ಇದ್ದರೆ ಉಕ್ಕಡಗಾತ್ರಿ ಕಡೆ ನಂಟು ಹುಡುಕಿ. ಬರೀ ಭಕ್ತಿಯಿಂದ ಇಟ್ಟ ಹೆಸರೂ ಇರುತ್ತದೆ, ಅದಕ್ಕೇ ಜವಳ ಎಲ್ಲಿ ತೆಗೆಸುತ್ತಿದ್ದರು ಅಂತಲೂ ಕೇಳಿ. ಬೆಡಗು, ಅಂದರೆ ಗೋತ್ರದ ಹಾಗೆ ಮನೆತನಗಳನ್ನು ಗುರುತಿಸುವ ಕುಲದ ಹೆಸರು, ಯಾವುದು ಅಂತ ಹಿರಿಯರನ್ನು ವಿಚಾರಿಸಿ. ಹೆಣ್ಣು ಗಂಡು ನೋಡುವಾಗ ಬೇಕಾಗಿದ್ದರಿಂದ ಅದು ಒಬ್ಬರಿಗಾದರೂ ನೆನಪಿರುತ್ತದೆ.

ಗಂಟು ಬಿಚ್ಚಿದ್ದು ಹೆಳವ, ಅಂದರೆ ಊರೂರಿಗೆ ಬಂದು ಮನೆತನಗಳ ವಂಶಾವಳಿ ಓದಿ ಹೇಳುವವನು. ಒಂದು ವರ್ಷ ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪ ಫೋನ್ ಮಾಡಿ, ‘ಹೆಳವ ಬಂದಾನ, ಲಗೂನ ಬಾ’ ಅಂದರು. ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರೋದನ್ನು ಅಜ್ಜಿ ಹೇಳುತ್ತಿದ್ದಳು, ಇವನು ಟೆಂಪೋದಲ್ಲಿ ಬಂದಿದ್ದ. ಕಟ್ಟೆ ಮೇಲೆ ಕೂತು ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆ ಪುಸ್ತಕ ಬಿಚ್ಚಿ ಒಂದೇ ಉಸಿರಿಗೆ ರಾಗವಾಗಿ ಓದಿದ: ‘ಅಂಗಡೇರ ಮನಿ, ದೇವರಗುಡ್ಡದ ಒಕ್ಕಲು, ಅಂಗಡಿ ಮಾಳಪ್ಪಗ ಮೂರು ಮಂದಿ ಗಂಡುಮಕ್ಕಳು, ನಡುವಿನಾಂವ ಧಾತು ಬರದಾಗ ಹೊಳಿ ದಾಟಿದ...’ ನಾನು ಅಲ್ಲೇ ನಿಲ್ಲಿಸಿದೆ. ಅಂಗಡಿ! ‘ಎ’ ಅಂದರೆ ಅಂಗಡಿ!

ಧಾತು ಸಂವತ್ಸರ 1876–77. ಅದು ಮತ್ತು ಮರುವರ್ಷದ ಈಶ್ವರ ಸಂವತ್ಸರ ಸೇರಿ ಮೈಸೂರು ಸೀಮೆಯನ್ನೇ ಬರಿದು ಮಾಡಿದ ಬರ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹಾಗಾಗಿ ಹಳೇ ಪತ್ರದಲ್ಲಿ ಬರೀ ಸಂವತ್ಸರ ಇದ್ದರೆ ಯಾವ ಸುತ್ತಿನದು ಅಂತ ತಲೆಮಾರು ಎಣಿಸಿಕೊಳ್ಳಿ.

ನಮ್ಮ ಹೆಳವನ ಪುಸ್ತಕದಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. ಸೋದರತ್ತೆ ‘ಹಂಗಾದ್ರ ನಾವೇನ್ ಮುಗಿಲಿಂದ ಉದುರಿದ್ವೇನು?’ ಅಂತ ಕೇಳಿದ್ದಕ್ಕೆ ಅವನು ನಕ್ಕು ಪುಟ ತಿರುಗಿಸಿದ. ದೊಡ್ಡಪ್ಪ ಮೆಕ್ಕೆಜೋಳದ ಚೀಲ ಎತ್ತಿಕೊಡಲು ಹೋದರೆ ಬೇಡ ಅಂದ. ಕೊನೆಗೆ ಒಂದು ಪಂಚೆ, ಫೋನ್‌ಪೇನಲ್ಲಿ ಒಂದಿಷ್ಟು ದುಡ್ಡು.

ಅವನು ಹೇಳಿದ್ದನ್ನೆಲ್ಲಾ ನಾನು ಹಾಗೇ ನಂಬಲಿಲ್ಲ. ಕಾಣಿಕೆ ದೊಡ್ಡದಾದಷ್ಟೂ ವಂಶವೂ ದೊಡ್ಡದಾಗುವ ಸಾಧ್ಯತೆ ಇದೆ ನೋಡಿ. ಟ್ರಂಕಿನಲ್ಲಿದ್ದ ಹಳೇ ಕ್ರಯಪತ್ರ ತೆಗೆದೆ. ಮುತ್ತಜ್ಜನ ಹೆಸರಿನ ಹಿಂದೆ ‘ಅಂಗಡಿ’ ಅಂತ ಸ್ಪಷ್ಟವಾಗಿತ್ತು. ಪತ್ರ ಸಿಕ್ಕರೆ ಚೆಕ್ಕುಬಂದಿಯನ್ನು ತಪ್ಪದೆ ಓದಿ. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾರದ್ದು ಅಂತ ಬರೆದಿರುತ್ತಾರೆ. ಪಾಲಾದ ಹೊಲವಾದರೆ ಪಕ್ಕದವರು ಎಷ್ಟೋ ಸಲ ದಾಯಾದಿಗಳೇ. ನಮಗೆ ಮರೆತೇ ಹೋಗಿದ್ದ ಒಂದು ಕವಲು ಸಿಕ್ಕಿದ್ದು ಹಾಗೆ.

ಕಚೇರಿಗೆ ಹೋಗುವ ಮುಂಚೆ ಒಂದು ವಿಷಯ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಇಲ್ಲಿ ‘ಹಳೇ ರೆಕಾರ್ಡ್ ಇಲ್ಲ’ ಅಂದರೆ ಅಲ್ಲೂ ಕೇಳಿ. ನನ್ನನ್ನು ಒಂದು ಕಚೇರಿಯಲ್ಲಿ ನಾಲ್ಕು ಸಲ ಅಲೆಸಿದರು, ಅರ್ಜಿ ಬರೆದು ಸೀಲ್ ಹಾಕಿಸಿಕೊಂಡ ಮೇಲೆ ಫೈಲ್ ಹೊರಗೆ ಬಂತು. ನಾಡಕಚೇರಿಯ ವಂಶವೃಕ್ಷ ಇದಕ್ಕೆ ಉಪಯೋಗವಿಲ್ಲ. ನೀವು ಹೇಳಿದ್ದನ್ನೇ ತಿರುಗಿ ಬರೆದುಕೊಡುತ್ತಾರೆ.

ನಿಮ್ಮ ‘ಕೆ’ ಒಂದು ವೇಳೆ ಕುಲಕರ್ಣಿಯಂಥ ಹುದ್ದೆಯ ಹೆಸರಾಗಿದ್ದರೆ ಅದೃಷ್ಟ. ಕುಲಕರ್ಣಿ, ಶ್ಯಾನುಭೋಗ, ತಳವಾರ ಇವೆಲ್ಲ ವಂಶಪಾರಂಪರ್ಯವಾಗಿ ಬಂದ ಹಳ್ಳಿಯ ಹುದ್ದೆಗಳು. 1961ರ ಕಾಯ್ದೆ ಇವನ್ನು ರದ್ದು ಮಾಡಿತು, ಜಾರಿಗೆ ಬಂದಿದ್ದು 1963ರಲ್ಲಿ. ಹುದ್ದೆಗೆ ಬಿಟ್ಟಿದ್ದ ಇನಾಂ ಜಮೀನನ್ನು ಅದೇ ಮನೆತನಕ್ಕೆ ರೀಗ್ರಾಂಟ್ (ಮರುಮಂಜೂರು) ಮಾಡಿದ ಕಾಗದಗಳು ಕಂದಾಯ ಇಲಾಖೆಯಲ್ಲಿರುತ್ತವೆ.

ಇನ್ನು ‘ನಾವು ಮದಕರಿ ನಾಯಕರ ಕಡೆಯವರು’ ಅಂತ ಯಾರಾದರೂ ಹೇಳಿದರೆ ಖುಷಿಪಡಿ, ಆದರೆ ಬರೆದಿಟ್ಟುಕೊಳ್ಳಬೇಡಿ. 1779ರಲ್ಲಿ ದುರ್ಗ ಬಿದ್ದ ಮೇಲೆ ಹೈದರಾಲಿ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ಚೆದುರಿದ ಜನರಿಂದ ಇವತ್ತಿನವರೆಗೆ ಒಂದೊಂದೇ ಹೆಸರು ಜೋಡಿಸಿ ತೋರಿಸಿದವರನ್ನು ನಾನಂತೂ ಕಂಡಿಲ್ಲ.

ಹೆಣ್ಣುಮಕ್ಕಳ ಕಡೆ ಹುಡುಕಲು ನನಗೆ ಸಿಕ್ಕಿದ್ದು ಮುಯ್ಯಿ ಪುಸ್ತಕ. ಅಜ್ಜಿಯ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟಿದ್ದು. ‘ಕೊಂಡಜ್ಜಿ ಬೀಗರು, 2 ರೂಪಾಯಿ, ಒಂದು ಕುಪ್ಪಸ’ ಅಂತ ಊರಿನ ಸಮೇತ ಇದೆ. ಎಲ್ಲೆಲ್ಲಿಗೆ ಹೆಣ್ಣು ಕೊಟ್ಟಿದ್ದರು, ಎಲ್ಲಿಂದ ತಂದಿದ್ದರು ಅಂತ ಅದರಲ್ಲೇ ತಿಳಿಯಿತು. ನಿಮ್ಮನೆ ಅಟ್ಟದ ಮೇಲೂ ಒಂದು ಇರಬಹುದು. ಇಲಿ ತಿನ್ನುವ ಮೊದಲು ಎಲ್ಲಾ ಪುಟಗಳ ಫೋಟೊ ತೆಗೆದುಕೊಳ್ಳಿ.