ಮ್ಯೂಸಿಯಂನಲ್ಲಿರುವ ಈಜಿಪ್ಟಿನ ಬೀಸುವ ಕಲ್ಲು ಗುಂಡಗಿಲ್ಲ, ನಡುವೆ ತಗ್ಗಾಗಿದೆ. ಇದರಲ್ಲಿ ಹಿಟ್ಟು ಮಾಡುತ್ತಿದ್ದದ್ದು ಹೇಗೆ?

ಅದು ತಿರುಗಿಸುವ ಕಲ್ಲಲ್ಲ, ಅರೆಯುವ ಕಲ್ಲು. ಕೆಳಗಿನ ಕಲ್ಲಿನ ಮೇಲೆ ಕಾಳು ಹರಡಿ, ಚಿಕ್ಕ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದರು. ವರ್ಷಗಟ್ಟಲೆ ಉಜ್ಜಿ ಉಜ್ಜಿಯೇ ಆ ತಗ್ಗು ಬಿದ್ದಿರುವುದು. ತಿರುಗುವ ಕಲ್ಲು ಈಜಿಪ್ಟಿಗೆ ಬಂದದ್ದು ಬಹಳ ತಡವಾಗಿ, ಗ್ರೀಕ್-ರೋಮನ್ ಕಾಲದಲ್ಲಿ.

ಪ್ರಾಚೀನ ಈಜಿಪ್ಟಿನವರ ಮುಖ್ಯ ಗೋಧಿ ಎಮ್ಮರ್ ಎಂಬ ಜಾತಿಯದು. ಅದರ ಹೊಟ್ಟು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಮೊದಲು ಒರಳಲ್ಲಿ ಕುಟ್ಟಿ, ಕೇರಿ, ಜರಡಿ ಹಿಡಿದು, ಆಮೇಲೆ ಈ ಕಲ್ಲಿಗೆ ತರುತ್ತಿದ್ದರು.

ಸುಮಾರು 4,400 ವರ್ಷ ಹಿಂದಿನ ಸಮಾಧಿಗಳಲ್ಲಿ ಹೀಗೆ ಅರೆಯುವ ಹೆಂಗಸರ ಸುಣ್ಣಕಲ್ಲಿನ ಪುಟ್ಟ ಮೂರ್ತಿಗಳು ಸಿಕ್ಕಿವೆ. ಮಂಡಿಯೂರಿ, ಮೈಭಾರವೆಲ್ಲ ಕೈಗೆ ಕೊಟ್ಟು ಬಾಗಿದ್ದಾರೆ. ಎಷ್ಟು ಶ್ರಮದ ಕೆಲಸ ಅಲ್ವಾ! ಕಲ್ಲನ್ನು ಮಣ್ಣಿಟ್ಟಿಗೆಯ ಕಟ್ಟೆಯ ಮೇಲೆ ಕೂರಿಸುವ ರೂಢಿ ಬಂದದ್ದು ಆಮೇಲೆ. ಆಗ ಮಂಡಿಯೂರುವ ಕಷ್ಟ ತಪ್ಪಿತು. ಪ್ರಾಚೀನ ಈಜಿಪ್ಟಿನ ಅಮರ್ನಾ ನಗರದ ಕೆಲಸಗಾರರ ಮನೆಗಳಲ್ಲಿ ಇಂಥ ಕಟ್ಟೆಗಳು ಸಿಕ್ಕಿವೆ.

ಮಮ್ಮಿಗಳ ಹಲ್ಲು ಜಾಸ್ತಿ ಸವೆದಿರುತ್ತದೆ. ರೊಟ್ಟಿಗೆ ಸೇರುತ್ತಿದ್ದ ಮರಳು, ಕಲ್ಲಿನ ಪುಡಿ ಅದಕ್ಕೊಂದು ಕಾರಣ ಎನ್ನುತ್ತಾರೆ. ಮುಂದಿನ ಸಲ ಹೋದಾಗ ಆ ತಗ್ಗನ್ನು ಸ್ವಲ್ಪ ಹೊತ್ತು ನಿಂತು ನೋಡಿ.