ಕಲಬುರಗಿಯಿಂದ ಪ್ರಶ್ನೆ: ಎಕ್ಸೋಸೋಮ್ ಇಂಜೆಕ್ಷನ್‌ನಿಂದ ಮೊಣಕಾಲು ನೋವು ಹೋಗುತ್ತದೆಯೇ?

ಸದ್ಯಕ್ಕೆ ನಂಬಿ ದುಡ್ಡು ಕಟ್ಟಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದೇ ಒಂದು ಎಕ್ಸೋಸೋಮ್ ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಎಕ್ಸೋಸೋಮ್ ಎಂದರೆ ಜೀವಕೋಶ ಹೊರಗೆ ಬಿಡುವ, ಕೊಬ್ಬಿನ ಪೊರೆಯ ಪುಟ್ಟ ಚೀಲ. ಅಗಲ ಸುಮಾರು 30ರಿಂದ 150 ನ್ಯಾನೊಮೀಟರ್. ಹೊಲಕ್ಕೆ ಒಯ್ಯುವ ಬುತ್ತಿಗಂಟು ಇದ್ದಹಾಗೆ, ಒಳಗೆ ರೊಟ್ಟಿ, ಶೇಂಗಾ ಹಿಂಡಿಯ ಬದಲು ಪ್ರೋಟೀನು ಮತ್ತು ಪ್ರೋಟೀನು ತಯಾರಿಕೆಯ ಸೂಚನೆಗೆ ಸಂಬಂಧಿಸಿದ ಅಣುವಾದ ಆರ್‌ಎನ್‌ಎ. ಪೊರೆಯ ಮರೆಯಲ್ಲಿರುವುದರಿಂದ ರಕ್ತದ ಕಿಣ್ವಗಳು ಆರ್‌ಎನ್‌ಎಯನ್ನು ಸುಲಭಕ್ಕೆ ಕತ್ತರಿಸಲಾರವು. ಇನ್ನೊಂದು ಕೋಶ ಈ ಗಂಟನ್ನು ನುಂಗಿ ಬಿಚ್ಚಿಕೊಂಡರೆ, ಅಲ್ಲಿ ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದೇ ಬದಲಾಗಬಹುದು. ಔಷಧ ಸಾಗಿಸುವ ಆಸೆ ಹುಟ್ಟಿದ್ದು ಇಲ್ಲಿಂದಲೇ.

ತೊಡಕಿರುವುದು ಈ ಚೀಲಗಳನ್ನು ಸೋಸಿ ಬೇರ್ಪಡಿಸುವಲ್ಲಿ. ಗುರುತ್ವದ 1 ಲಕ್ಷ ಪಟ್ಟು ಬಲದಲ್ಲಿ ಗಿರಗಿರ ತಿರುಗಿಸಿದರೂ ತಳಕ್ಕೆ ಚೀಲಗಳ ಜೊತೆ ಪ್ರೋಟೀನಿನ ಉಂಡೆಗಳೂ ಕೂರುತ್ತವೆ. ಇಡಲು ಸಾಮಾನ್ಯವಾಗಿ ಮೈನಸ್ 80 ಡಿಗ್ರಿ ಫ್ರೀಜರ್ ಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಸೀಸೆ ಹೇಗೆ ಬಂತೆಂದು ಮೊದಲು ಕೇಳಿ.